ಸಮಾಧಿ ಕಲ್ಲಿನ ಮೇಲೆ ಅಳಿಯಂದಿರ ಪಟ್ಟಿ

ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಲ್ಲಿ, ಏವಿಮೋರ್ ಎಂಬ ಊರಿನ ಹತ್ತಿರ, ಸ್ಪೇ ನದಿಯ ದಂಡೆಯ ಮೇಲೆ ಕಿನ್‌ರಾರಾ ಎಂಬ ಜಾಗವಿದೆ. ಅಲ್ಲಿ ಒಂದು ಸಮಾಧಿ. ಸಮಾಧಿಯ ಕಲ್ಲುಗಳ ಮೇಲೆ ಸಾಮಾನ್ಯವಾಗಿ ಏನಿರುತ್ತದೆ? ಸತ್ತವರ ಗುಣಗಾನ, ದೇವರಲ್ಲಿ ಒಂದು ಪ್ರಾರ್ಥನೆ. ಈ ಕಲ್ಲಿನ ಮೇಲಿರುವುದು ಮಕ್ಕಳ ಪಟ್ಟಿ. ಹೆಣ್ಣುಮಕ್ಕಳ ಹೆಸರಿನ ಮುಂದೆ ಅವರು ಕೈಹಿಡಿದವರ ಹೆಸರು. ರಿಚ್‌ಮಂಡಿನ ಡ್ಯೂಕ್, ಮ್ಯಾಂಚೆಸ್ಟರಿನ ಡ್ಯೂಕ್, ಬೆಡ್‌ಫರ್ಡಿನ ಡ್ಯೂಕ್, ಕಾರ್ನ್‌ವಾಲಿಸ್ ಮಾರ್ಕ್ವಿಸ್... ಓದುತ್ತ ಹೋದರೆ ಸಮಾಧಿಯ ಮುಂದೆ ನಿಂತು ಲಗ್ನಪತ್ರಿಕೆ ಓದಿದಂತಾಗುತ್ತದೆ. ಇದನ್ನು ಪತ್ನಿಯ ವಿಶೇಷ ಕೋರಿಕೆಯಂತೆ ಕೆತ್ತಿಸಿದ್ದಾಗಿ ಗಂಡನ ಒಕ್ಕಣೆಯೂ ಅಲ್ಲೇ ಇದೆ.

ಬ್ರಿಟನ್ನಿನ ಶ್ರೀಮಂತ ಪದವಿಗಳಲ್ಲಿ ಎಲ್ಲಕ್ಕಿಂತ ಮೇಲಿನದು ಡ್ಯೂಕ್, ಅದರ ಕೆಳಗಿನದು ಮಾರ್ಕ್ವಿಸ್. ಒಬ್ಬಳೇ ತಾಯಿ ಮೂವರು ಡ್ಯೂಕರನ್ನೂ ಒಬ್ಬ ಮಾರ್ಕ್ವಿಸನನ್ನೂ ಅಳಿಯಂದಿರನ್ನಾಗಿ ಮಾಡಿಕೊಂಡದ್ದು ಆ ಕಾಲಕ್ಕೆ ದೊಡ್ಡ ಪವಾಡ. ಆ ತಾಯಿಯೇ ಗಾರ್ಡನ್ ಡಚೆಸ್ ಜೇನ್. ಡಚೆಸ್ ಎಂದರೆ ಡ್ಯೂಕನ ಹೆಂಡತಿ. ಔತಣಕ್ಕೂ ಕುಣಿತಕ್ಕೂ ಹೆಸರಾದ ಅವಳನ್ನು ಚರಿತ್ರೆಯ ಪುಸ್ತಕಗಳು 'ಆತಿಥೇಯೆ' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದುಂಟು. ಆ ಒಂದು ಮಾತಿನೊಳಗೆ ಎಷ್ಟು ಕೆಲಸ ಅಡಗಿತ್ತು ಎಂಬುದೇ ಇಂದಿನ ಮಾತಿನ ವಿಷಯ.

ಜೇನ್ ಹುಟ್ಟಿದ್ದು 1748ರ ಸುಮಾರಿಗೆ. ತಂದೆ ಮನ್‌ರೀತ್‌ನ ಸರ್ ವಿಲಿಯಂ ಮ್ಯಾಕ್ಸ್‌ವೆಲ್. ಹೆಸರಿನ ಹಿಂದೆ 'ಸರ್' ಇತ್ತೇ ಹೊರತು ಮನೆಯಲ್ಲಿ ಹಣ ಧಾರಾಳವಾಗಿರಲಿಲ್ಲ. ತಾಯಿ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಎಡಿನ್‌ಬರೋದ ಹಳೆಯ ಪೇಟೆಯ ಒಂದು ಇಕ್ಕಟ್ಟು ಓಣಿಯಲ್ಲಿ ವಾಸವಾಗಿದ್ದಳು. ಆಗಿನ ಎಡಿನ್‌ಬರೋ ಎಂದರೆ ಐದಾರು ಅಂತಸ್ತಿನ ಕಲ್ಲಿನ ಮನೆಗಳು, ಒಂದೇ ಮೆಟ್ಟಿಲ ಸಾಲಿನಲ್ಲಿ ನ್ಯಾಯಾಧೀಶನೂ ದರ್ಜಿಯೂ ಹತ್ತಿ ಇಳಿಯುವ ಊರು. ಬೀದಿಯಲ್ಲಿ ಹಂದಿಗಳು ತಿರುಗಾಡುತ್ತಿದ್ದವು. ಜೇನ್ ಹಂದಿಯ ಬೆನ್ನೇರಿ ಮುಖ್ಯಬೀದಿಯಲ್ಲಿ ಸವಾರಿ ಹೊರಡುತ್ತಿದ್ದಳಂತೆ. ತಂಗಿ ಎಗ್ಲಾಂಟೈನ್ ಹಿಂದಿನಿಂದ ಕೋಲು ಹಿಡಿದು ಹಂದಿಯನ್ನು ಓಡಿಸುತ್ತಿದ್ದಳಂತೆ. ಈ ತಂಗಿಯೂ ಸಾಮಾನ್ಯಳಲ್ಲ. ಮುಂದೆ ನಾಟಕ ಬರೆದು, 1795ರಲ್ಲಿ ಅದರಲ್ಲೊಂದಕ್ಕೆ ಪ್ರದರ್ಶನದ ಅನುಮತಿಯೇ ಸಿಗದಷ್ಟು ಗದ್ದಲ ಎಬ್ಬಿಸಿದವಳು.

ಹದಿನಾಲ್ಕರ ವಯಸ್ಸಿನಲ್ಲಿ ಬೀದಿಯಲ್ಲಿ ಆಡುತ್ತಿದ್ದಾಗ ಜೇನ್‌ಳ ಬಲಗೈ ಬೆರಳೊಂದು ಗಾಡಿಯ ಚಕ್ರಕ್ಕೆ ಸಿಕ್ಕಿತು. ಗಾಡಿ ಮುಂದಕ್ಕೆ ಹೊರಟಿತು, ಬೆರಳು ಹೋಯಿತು. ಮುಂದೆ ಅವಳು ಮರದ ಬೆರಳೊಂದನ್ನು ಮಾಡಿಸಿಕೊಂಡು, ಆದಷ್ಟೂ ಕೈಗವಸು ತೊಟ್ಟೇ ಇರುತ್ತಿದ್ದಳು. ಲಂಡನ್ನಿನ ದೀಪದ ಬೆಳಕಿನಲ್ಲಿ ಮಂತ್ರಿಗಳು ಬಾಗಿ ಮುತ್ತಿಟ್ಟ ಕೈ ಅದು.

1767ರಲ್ಲಿ ಗಾರ್ಡನ್ ಮನೆತನದ ನಾಲ್ಕನೆಯ ಡ್ಯೂಕ್ ಅಲೆಗ್ಸಾಂಡರ್ ಅವಳನ್ನು ಮದುವೆಯಾದ. ವಯಸ್ಸು ಇಪ್ಪತ್ತನಾಲ್ಕು, ಸ್ಕಾಟ್ಲೆಂಡಿನ ಅತಿ ದೊಡ್ಡ ಭೂಮಾಲೀಕರಲ್ಲೊಬ್ಬ. ಗಾರ್ಡನ್ ಮನೆತನದ ಯಜಮಾನನಿಗೆ 'ಉತ್ತರದ ಹುಂಜ' ಎಂಬ ಬಿರುದೇ ಉಂಟು. ಇಲ್ಲೊಂದು ಕಥೆ ಹೇಳುತ್ತಾರೆ. ಜೇನ್ ಮೊದಲು ಒಬ್ಬ ಯುವ ಸೇನಾಧಿಕಾರಿಗೆ ಮನಸೋತಿದ್ದಳಂತೆ. ಅವನು ಸತ್ತನೆಂಬ ಸುದ್ದಿ ಬಂದ ಮೇಲೆ ಡ್ಯೂಕನಿಗೆ ಒಪ್ಪಿದಳಂತೆ. ಮದುವೆಯಾದ ಹೊಸತರಲ್ಲೇ ಆ ಅಧಿಕಾರಿಯ ಕಾಗದ ಬಂತಂತೆ: ಬದುಕಿದ್ದೇನೆ, ಬರುತ್ತಿದ್ದೇನೆ ಎಂದು. ನಿಜವೋ ಕಟ್ಟುಕಥೆಯೋ, ಈ ದಾಂಪತ್ಯ ಸುಖದ್ದಾಗಲಿಲ್ಲ ಎಂಬುದು ಮಾತ್ರ ನಿಜ. ಡ್ಯೂಕನಿಗೆ ಬೇಟೆ, ನಾಯಿ, ತೋಟ ಇಷ್ಟಿದ್ದರೆ ಸಾಕಿತ್ತು. ಇಂದಿಗೂ ಗಾರ್ಡನ್ ಸೆಟರ್ ಎಂಬ ನಾಯಿಯ ತಳಿಯಲ್ಲಿ ಅವನ ಹೆಸರು ಉಳಿದಿದೆ. ಅರಮನೆಗೆ ತೀರ ಹತ್ತಿರವಿದೆ ಎಂದು ಫೋಕಬರ್ಸ್ ಎಂಬ ಹಳ್ಳಿಯನ್ನೇ ಎತ್ತಿಸಿ, 1776ರಿಂದ ದೂರದಲ್ಲಿ ಹೊಸದಾಗಿ ಕಟ್ಟಿಸಿದ ಪುಣ್ಯಾತ್ಮ ಆತ.

ಅರಮನೆಯಲ್ಲಿ ಜೀನ್ ಕ್ರಿಸ್ಟಿ ಎಂಬ ಹೆಂಗಸು ಮನೆವಾರ್ತೆ ನೋಡಿಕೊಳ್ಳುತ್ತಿದ್ದಳು. ಅವಳಿಂದ ಡ್ಯೂಕನಿಗೆ ಹಲವು ಮಕ್ಕಳಾದವು. ಡಚೆಸ್‌ಗೆ ಏಳು ಮಕ್ಕಳು, ಎರಡು ಗಂಡು ಐದು ಹೆಣ್ಣು. ಹಿರಿಯ ಮಗನ ಹೆಸರು ಜಾರ್ಜ್. ಡ್ಯೂಕನ ಹೊರಗಿನ ಮಕ್ಕಳಲ್ಲೂ ಒಬ್ಬ ಜಾರ್ಜ್ ಇದ್ದ. 'ನನ್ನ ಜಾರ್ಜ್', 'ಡ್ಯೂಕನ ಜಾರ್ಜ್' ಎಂದು ಆಕೆ ಇಬ್ಬರನ್ನೂ ಬೇರ್ಪಡಿಸಿ ಹೇಳುತ್ತಿದ್ದಳೆಂದು ಪ್ರತೀತಿ. ನಗು ಬರುವ ಮಾತು ಹೌದು, ಆದರೆ ಅದನ್ನು ಆಡಲು ಎಷ್ಟು ನುಂಗಿಕೊಂಡಿರಬೇಕು!

ಆ ಕಾಲದ ಕಾನೂನನ್ನು ಇಲ್ಲಿ ನೆನೆಯಬೇಕು. ಗಂಡನಿರುವ ಹೆಂಗಸಿಗೆ ತನ್ನದೆಂದು ಆಸ್ತಿಯ ಮೇಲೆ ಹಿಡಿತವಿರಲಿಲ್ಲ. ಹೆಂಗಸರಿಗೆ ಮತ ಇರಲಿಲ್ಲ, ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. ಡ್ಯೂಕನ ಹೆಂಡತಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಅವಳ ಕೈಗೆ ಎಟುಕುತ್ತಿದ್ದದ್ದು ಒಂದೇ: ಮನೆಯ ಹಜಾರ. ಯಾರನ್ನು ಊಟಕ್ಕೆ ಕರೆಯಬೇಕು, ಯಾರ ಪಕ್ಕ ಯಾರನ್ನು ಕೂರಿಸಬೇಕು ಎಂಬ ತೀರ್ಮಾನ ಅವಳದು. ಜೇನ್ ಇದನ್ನೇ ಆಯುಧ ಮಾಡಿಕೊಂಡಳು.

ಮೊದಲ ಪ್ರಯೋಗ ಎಡಿನ್‌ಬರೋದಲ್ಲಿ ನಡೆಯಿತು. 1786ರ ಚಳಿಗಾಲದಲ್ಲಿ ರಾಬರ್ಟ್ ಬರ್ನ್ಸ್ ಎಂಬ ರೈತ ಕವಿ ಹಳ್ಳಿಯಿಂದ ಅಲ್ಲಿಗೆ ಬಂದ. ಊರಿನ ದೊಡ್ಡವರೆಲ್ಲ ತಮ್ಮ ಸ್ಕಾಟ್ಸ್ ನುಡಿಯ ಬಗ್ಗೆ ನಾಚಿಕೊಂಡು, ಲಂಡನ್ನಿನವರಂತೆ ಮಾತನಾಡಲು ತಿಣುಕುತ್ತಿದ್ದ ಕಾಲ. ಇವನು ಅದೇ ಆಡುನುಡಿಯಲ್ಲಿ ಪದ್ಯ ಬರೆದವನು. ಡಚೆಸ್ ಅವನನ್ನು ತನ್ನ ಮನೆಯ ಕೂಟಗಳಿಗೆ ಕರೆಸಿಕೊಂಡಳು. ಆಕೆಯ ಮಾತೂ ಅಚ್ಚ ಸ್ಕಾಟ್ಸ್. ಡಚೆಸ್ ಆದರೂ ಓಣಿಯ ಉಚ್ಚಾರ ಬಿಟ್ಟವಳಲ್ಲ. ಮರುವರ್ಷ ಅಂದರೆ 1787ರ ಏಪ್ರಿಲ್‌ನಲ್ಲಿ ಬರ್ನ್ಸ್‌ನ ಕವಿತೆಗಳ ಎಡಿನ್‌ಬರೋ ಆವೃತ್ತಿ ಹೊರಬಂತು. ಸೆಪ್ಟೆಂಬರಿನಲ್ಲಿ ಅವನು ಗಾರ್ಡನ್ ಅರಮನೆಗೂ ಹೋದ. ಜೊತೆಗೆ ಬಂದಿದ್ದ ವಿಲಿಯಂ ನಿಕೋಲ್ ಎಂಬ ಉಪಾಧ್ಯಾಯನನ್ನು ಹಳ್ಳಿಯ ಛತ್ರದಲ್ಲೇ ಬಿಟ್ಟು ತಾನೊಬ್ಬನೇ ಊಟಕ್ಕೆ ಕುಳಿತ. ನಿಕೋಲ್‌ಗೆ ಅದು ಅವಮಾನವೆನಿಸಿತು, ಸಿಟ್ಟಾಗಿ ಹೊರಟೇ ನಿಂತ. ಬರ್ನ್ಸ್ ಅರಮನೆಯ ಆತಿಥ್ಯ ಬಿಟ್ಟು ಗೆಳೆಯನ ಗಾಡಿ ಹತ್ತಿದ. ಕವಿಗೆ ಡಚೆಸ್ ಒಂದು ಕಡೆ, ಮುಂಗೋಪಿ ಮೇಷ್ಟ್ರು ಒಂದು ಕಡೆ, ಮೇಷ್ಟ್ರೇ ಗೆದ್ದರು.

ಅದೇ 1787ರ ಹೊತ್ತಿಗೆ ಜೇನ್ ಲಂಡನ್ನಿನ ಪಾಲ್‌ಮಾಲ್ ಬೀದಿಯಲ್ಲಿ ಮನೆ ಹಿಡಿದಳು. ಆಗ ಪ್ರಧಾನಿ ವಿಲಿಯಂ ಪಿಟ್. ಎದುರಿನ ವಿಗ್ ಪಕ್ಷಕ್ಕೆ ಡೆವನ್‌ಷೈರಿನ ಡಚೆಸ್ ಜಾರ್ಜಿಯಾನಾಳ ಮನೆಯೇ ಬಿಡಾರ. ಅವಳು ಸುಂದರಿ, ಫ್ಯಾಷನ್ನಿನ ರಾಣಿ. ಪಿಟ್‌ನ ಕಡೆಗೆ ಅಂಥ ಮನೆ ಇರಲಿಲ್ಲ. ಪಿಟ್ ಮದುವೆಯಾದವನೂ ಅಲ್ಲ, ಮಾತಿನ ಮಲ್ಲನಾದರೂ ಕೂಟಗಳಲ್ಲಿ ಬೆರೆಯುವವನಲ್ಲ. ಆ ಜಾಗ ತುಂಬಿದವಳು ಜೇನ್. ಪಾರ್ಲಿಮೆಂಟಿನಲ್ಲಿ ಮತ ಹಾಕಲು ಹಿಂದೆಮುಂದೆ ನೋಡುವ ಸದಸ್ಯರನ್ನು ಕರೆಸಿ ಪ್ರಶ್ನಿಸುವುದು, ಛೇಡಿಸುವುದು, ಒಲಿಸುವುದು ಅವಳ ಕೆಲಸವಾಯಿತು. ನಮ್ಮ ವಿಧಾನಸಭೆಯಲ್ಲಿ ಪಕ್ಷದ ಸಚೇತಕರು ಮಾಡುವ ಕೆಲಸವನ್ನೇ ಆಕೆ ಮಾಡುತ್ತಿದ್ದಳು ಎಂಬರ್ಥದ ಮಾತನ್ನು ಆ ಕಾಲದ ಸಂಸದ ನಥಾನಿಯಲ್ ರಾಕ್ಸಲ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಸಂಬಳವಿಲ್ಲ, ಹುದ್ದೆಯಿಲ್ಲ, ಕಡತದಲ್ಲಿ ಹೆಸರಿಲ್ಲ.

ಅವಳ ಹಜಾರದಲ್ಲಿ ಸ್ಕಾಟಿಷ್ ಪಿಟೀಲು, ಸ್ಕಾಟಿಷ್ ಕುಣಿತ, ಮೈಮೇಲೆ ಟಾರ್ಟನ್ ಎಂಬ ಚೌಕುಳಿ ಬಟ್ಟೆ. ಇದು ಬರೀ ಶೋಕಿಯಲ್ಲ. 1746ರಲ್ಲಿ ಕಲೋಡನ್ ಕದನದಲ್ಲಿ ಬೆಟ್ಟಸೀಮೆಯ ಬಂಡಾಯಗಾರರು ಸೋತ ಮೇಲೆ, ಅಲ್ಲಿನ ಗಂಡಸರು ತಮ್ಮ ಸಾಂಪ್ರದಾಯಿಕ ಉಡುಪು ಉಡುವುದೇ ಅಪರಾಧವಾಗಿತ್ತು. ಆ ಕಾನೂನು ರದ್ದಾದದ್ದು 1782ರಲ್ಲಿ. ಡ್ಯೂಕನ ಚಿಕ್ಕಪ್ಪ ಲೂಯಿಸ್ ಗಾರ್ಡನ್ ಬಂಡಾಯಗಾರರ ಜೊತೆ ಕತ್ತಿ ಹಿಡಿದವನೇ. ನಿಷೇಧ ಹೋಗಿ ಐದಾರು ವರ್ಷಗಳಾಗುವಷ್ಟರಲ್ಲಿ ಅದೇ ಬಟ್ಟೆ ಪ್ರಧಾನಿಯ ಕಣ್ಣೆದುರು ಕುಣಿಯತೊಡಗಿತ್ತು.

1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಶುರುವಾಯಿತು. ಮರುವರ್ಷ ಸರಕಾರ ಒಂದು ಹೊಸ ರೆಜಿಮೆಂಟು ಕಟ್ಟಲು ಡ್ಯೂಕನನ್ನು ಕೇಳಿತು. ಸೈನ್ಯಕ್ಕೆ ಸೇರುವವನಿಗೆ ರಾಜನ ಹೆಸರಿನಲ್ಲಿ ಒಂದು ಷಿಲಿಂಗ್ ಕೊಡುವುದು ರೂಢಿ. ನಲವತ್ತೈದು ದಾಟಿದ ಡಚೆಸ್ ಸೈನಿಕರ ಕೋಟು, ಬೆಟ್ಟಸೀಮೆಯ ಟೋಪಿ ಧರಿಸಿ, ಕುದುರೆ ಏರಿ ಸಂತೆ ಜಾತ್ರೆಗಳಿಗೆ ಹೊರಟಳಂತೆ. ಆ ಷಿಲಿಂಗನ್ನು ತುಟಿಗಳ ನಡುವೆ ಇಟ್ಟುಕೊಂಡು, ಬಂದವನಿಗೆ ಮುತ್ತಿನ ಜೊತೆ ದಾಟಿಸಿದಳಂತೆ. ಕಥೆಗೆ ರೆಕ್ಕೆಪುಕ್ಕ ಹುಟ್ಟಿರಬಹುದು. ಮುತ್ತಿಗಿಂತ ಬಡತನವೂ, ಜಮೀನ್ದಾರನ ಮಾತು ಮೀರಿದರೆ ಗೇಣಿ ಹೋದೀತೆಂಬ ಭಯವೂ ಹೆಚ್ಚು ಜನರನ್ನು ಸೇರಿಸಿರಬೇಕು. ಹಾಡು ಕಟ್ಟುವವರಿಗೆ ಮಾತ್ರ ಮುತ್ತೇ ಬೇಕು. 1794ರ ಜೂನ್ 24ರಂದು ಏಬರ್‌ಡೀನ್‌ನಲ್ಲಿ ರೆಜಿಮೆಂಟು ನಿಂತಿತು. ನಾಯಕ, ಆಕೆಯ 'ನನ್ನ ಜಾರ್ಜ್'. ಇದೇ ಮುಂದೆ 92ನೇ ಸಂಖ್ಯೆಯ ಗಾರ್ಡನ್ ಹೈಲ್ಯಾಂಡರ್ಸ್.

ಇನ್ನು ಹೆಣ್ಣುಮಕ್ಕಳ ಮದುವೆಗಳು. 1789ರ ಮೇ ತಿಂಗಳಲ್ಲಿ ಚಾರ್ಲ್ಸ್ ಲೆನಾಕ್ಸ್ ಎಂಬ ಸೇನಾಧಿಕಾರಿ ರಾಜನ ಮಗನಾದ ಯಾರ್ಕ್ ಡ್ಯೂಕನೊಡನೆಯೇ ಪಿಸ್ತೂಲಿನ ದ್ವಂದ್ವಯುದ್ಧಕ್ಕೆ ನಿಂತ. ಗುಂಡು ರಾಜಕುಮಾರನ ಕೂದಲ ಸುರುಳಿ ಸವರಿಕೊಂಡು ಹೋಯಿತು. ನಾಲ್ಕು ತಿಂಗಳಲ್ಲೇ ಡಚೆಸ್ ತನ್ನ ಹಿರಿಯ ಮಗಳು ಷಾರ್ಲಟ್‌ಳನ್ನು ಅವನಿಗೆ ಕೊಟ್ಟಳು. ಅವನು ರಿಚ್‌ಮಂಡ್ ಡ್ಯೂಕನ ಅಣ್ಣತಮ್ಮಂದಿರ ಮಗ. ಪದವಿ ಅವನಿಗೇ ಬರುವುದಿತ್ತು, 1806ರಲ್ಲಿ ಬಂತು. ಎರಡನೆಯವಳು ಮ್ಯಾಡಲೀನಾಗೆ ಸಿಕ್ಕವನು ಒಬ್ಬ ಬ್ಯಾರನೆಟ್. ಸೂಸನ್ 1793ರಲ್ಲಿ ಮ್ಯಾಂಚೆಸ್ಟರ್ ಡ್ಯೂಕನನ್ನು ಸೇರಿದಳು.

ನಾಲ್ಕನೆಯವಳು ಲೂಯಿಸಾ. ಅವಳ ಸಂಬಂಧ ಕುದುರಿದ್ದು ಕನ್ನಡನಾಡಿಗೆ ಚೆನ್ನಾಗಿ ಗೊತ್ತಿದ್ದ ಮನೆತನದಲ್ಲಿ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದ ಲಾರ್ಡ್ ಕಾರ್ನ್‌ವಾಲಿಸನ ಒಬ್ಬನೇ ಮಗ ವರ. ಕಾರ್ನ್‌ವಾಲಿಸನಿಗೆ ಒಂದು ಅಳುಕು. ಗಾರ್ಡನ್ ಮನೆತನದಲ್ಲಿ ಬುದ್ಧಿಭ್ರಮಣೆ ಇದೆ ಎಂಬ ಮಾತು ಊರಲ್ಲಿತ್ತು. ಡ್ಯೂಕನ ತಮ್ಮ ಜಾರ್ಜ್ ಗಾರ್ಡನ್‌ನ ಹೆಸರಿನಲ್ಲಿ 1780ರಲ್ಲಿ ಲಂಡನ್ನೇ ಹೊತ್ತಿ ಉರಿದಿತ್ತು. ಆಮೇಲೆ ಅವನು ಯಹೂದಿ ಮತಕ್ಕೆ ಸೇರಿ, 1793ರಲ್ಲಿ ನ್ಯೂಗೇಟ್ ಸೆರೆಮನೆಯಲ್ಲೇ ಸತ್ತಿದ್ದ. ಕಾರ್ನ್‌ವಾಲಿಸ್ ಈ ಮಾತೆತ್ತಿದಾಗ ಡಚೆಸ್ ಕೊಟ್ಟ ಉತ್ತರ ಲಂಡನ್ನಿನಲ್ಲೆಲ್ಲ ಹಬ್ಬಿತಂತೆ. ಲೂಯಿಸಾಳಲ್ಲಿ ಗಾರ್ಡನ್ ರಕ್ತದ ಒಂದು ತೊಟ್ಟೂ ಇಲ್ಲ, ಚಿಂತೆ ಬೇಡ ಎಂದಳಂತೆ! ಬೀಗರು ಬೆಚ್ಚಿದರೋ ನಕ್ಕರೋ, 1797ರಲ್ಲಿ ಮದುವೆ ಆಯಿತು. ಗಂಡನ ಹೊರಗಿನ ಸಂಸಾರವನ್ನು ಮೂವತ್ತು ವರ್ಷ ಕಂಡ ಹೆಂಗಸು ತನ್ನ ಮಾನವನ್ನೇ ಪಣಕ್ಕಿಟ್ಟು ಆಡಿದ ಮಾತು ಇದು.

ಕೊನೆಯವಳು ಜಾರ್ಜಿನಾ. ಅವಳನ್ನು ಬೆಡ್‌ಫರ್ಡ್ ಡ್ಯೂಕನಿಗೆ ಕೊಡುವ ಮಾತು ನಡೆದಿತ್ತು ಎನ್ನುತ್ತಾರೆ. 1802ರಲ್ಲಿ ಆ ಡ್ಯೂಕ್ ತೀರಿಕೊಂಡ. ಪದವಿ ತಮ್ಮನಿಗೆ ಬಂತು, ಮರುವರ್ಷ ಜಾರ್ಜಿನಾ ಆ ತಮ್ಮನ ಕೈಹಿಡಿದಳು. ಈ ಬೆಡ್‌ಫರ್ಡ್ ಮನೆತನ ಅಪ್ಪಟ ವಿಗ್. ಜನ್ಮವೆಲ್ಲ ಪಿಟ್‌ಗಾಗಿ ದುಡಿದ ತಾಯಿ ಕೊನೆಯ ಮಗಳನ್ನು ಎದುರು ಪಕ್ಷದ ಮನೆ ತುಂಬಿಸಿದಳು. ಪಕ್ಷ ನಿಷ್ಠೆಗಿಂತ ಡ್ಯೂಕ್ ಪದವಿ ತೂಕದ್ದು.

ಫಲವೇನಾಯಿತು ನೋಡಿ. 1806ರಲ್ಲಿ ಬೆಡ್‌ಫರ್ಡ್ ಐರ್ಲೆಂಡಿನ ವೈಸ್‌ರಾಯ್ ಆದ. 1807ರಲ್ಲಿ ಅವನು ಇಳಿದಾಗ ಬಂದವನು ರಿಚ್‌ಮಂಡ್. ಅಂದರೆ ಡಬ್ಲಿನ್ ಅರಮನೆಯನ್ನು ತಂಗಿ ಅಕ್ಕನಿಗೆ ವಹಿಸಿ ಹೋದಂತಾಯಿತು. ಮ್ಯಾಂಚೆಸ್ಟರ್ ಡ್ಯೂಕ್ 1808ರಿಂದ 1827ರವರೆಗೆ ಜಮೈಕಾದ ಗವರ್ನರ್. ಗುಲಾಮರ ಬೆವರಿನಿಂದ ಸಕ್ಕರೆ ತೆಗೆಯುತ್ತಿದ್ದ ಆ ದ್ವೀಪದಲ್ಲಿ ಇಂದಿಗೂ ಮ್ಯಾಂಚೆಸ್ಟರ್ ಎಂಬ ಜಿಲ್ಲೆ ಅವನ ಹೆಸರು ಹೊತ್ತಿದೆ. ಆದರೆ ಅವನ ಹೆಂಡತಿ ಸೂಸನ್ ಆ ಹೊತ್ತಿಗೆ ಅವನ ಜೊತೆ ಬಾಳುತ್ತಿರಲಿಲ್ಲ. ತಾಯಿ ಆರಿಸಿದ ಡ್ಯೂಕನನ್ನು ಬಿಟ್ಟು ಅವಳು ಮನೆಯ ಸೇವಕನೊಬ್ಬನ ಜೊತೆ ಹೋದಳೆಂಬ ಸುದ್ದಿ ಲಂಡನ್ನಿನ ನಾಲಿಗೆಯ ಮೇಲಿತ್ತು. ಲೂಯಿಸಾಗೆ ಐವರು ಹೆಣ್ಣುಮಕ್ಕಳು. ಗಂಡು ಸಂತಾನವಿಲ್ಲದೆ 1823ರಲ್ಲಿ ಕಾರ್ನ್‌ವಾಲಿಸ್ ಮಾರ್ಕ್ವಿಸ್ ಪದವಿ ಮುಗಿದೇ ಹೋಯಿತು.

ಜೇನ್‌ಳ ಸ್ವಂತ ಬದುಕು ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಗಂಡನಿಂದ ದೂರವಾಗಿ ಅವಳು ಬೇಸಗೆಗಳನ್ನು ಕಿನ್‌ರಾರಾದ ಒಂದು ಸಣ್ಣ ತೋಟದ ಮನೆಯಲ್ಲಿ ಕಳೆಯುತ್ತಿದ್ದಳು. ಪಕ್ಕದ ರಾಥಿಮರ್ಕಸ್ ಎಸ್ಟೇಟಿನ ಎಲಿಜಬೆತ್ ಗ್ರಾಂಟ್ ಬಾಲ್ಯದಲ್ಲಿ ಕಂಡದ್ದನ್ನು ಮುಂದೆ ಬರೆದಿಟ್ಟಿದ್ದಾಳೆ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಆದರೂ ಲಂಡನ್ನಿನ ಗಣ್ಯರು ಅಲ್ಲಿಗೇ ಹುಡುಕಿಕೊಂಡು ಬಂದು ಕೊಟ್ಟಿಗೆ ಕಣಜಗಳಲ್ಲೂ ಮಲಗುತ್ತಿದ್ದರಂತೆ. ಸಂಜೆಯಾದರೆ ಪಿಟೀಲು, ಕುಣಿತ. ಆದರೆ ಹಣಕ್ಕಾಗಿ ಡ್ಯೂಕನೊಡನೆ ಜಗಳ ನಿಲ್ಲಲಿಲ್ಲ. 1808ರಲ್ಲಿ ಕಿರಿಯ ಮಗ ಅಲೆಗ್ಸಾಂಡರ್ ತೀರಿಕೊಂಡ. ದೇಶದ ನಾಲ್ಕು ದೊಡ್ಡ ಮನೆಗಳಿಗೆ ಯಜಮಾನಿಯರನ್ನು ಕೊಟ್ಟವಳಿಗೆ ಕೊನೆಕೊನೆಗೆ ಲಂಡನ್ನಿನಲ್ಲಿ ತನ್ನದೆಂಬ ಮನೆ ಇರಲಿಲ್ಲ. 1812ರ ಏಪ್ರಿಲ್ 14ರಂದು ಅವಳು ಪ್ರಾಣ ಬಿಟ್ಟದ್ದು ಪಿಕಡಿಲಿಯ ಒಂದು ಹೋಟೆಲಿನಲ್ಲಿ. ಅಲ್ಲಿಂದ ಕುದುರೆಗಳು ಎಳೆದ ಶವವಾಹನ ಬ್ರಿಟನ್ನಿನ ಉದ್ದಕ್ಕೂ ಸಾಗಿ ಅವಳನ್ನು ಕಿನ್‌ರಾರಾಕ್ಕೆ ತಂದಿತು. ಎಂಟು ವರ್ಷಗಳ ನಂತರ, 1820ರಲ್ಲಿ, ಡ್ಯೂಕ್ ಜೀನ್ ಕ್ರಿಸ್ಟಿಯನ್ನು ಚರ್ಚಿನ ಸಾಕ್ಷಿಯಾಗಿ ಮದುವೆಯಾದ.

ತಾಯಿಯ ವಿದ್ಯೆ ಕೈಗೂಡಿದ್ದು ಷಾರ್ಲಟ್‌ಗೆ. ಹದಿನಾಲ್ಕು ಮಕ್ಕಳ ತಾಯಿ ಆಕೆ. ಗಂಡನಿಗೆ ಡಬ್ಲಿನ್‌ನ ಖರ್ಚಿನಿಂದ ಸಾಲ ಮೈಮೇಲೆ ಬಂದಿತ್ತು. ಜೀವನ ಅಗ್ಗವೆಂದು ಕುಟುಂಬ 1814ರಲ್ಲಿ ಬ್ರಸೆಲ್ಸ್‌ಗೆ ಬಂತು. ಅಲ್ಲಿ ಹಿಡಿದ ಬಾಡಿಗೆ ಮನೆ ಮೊದಲು ಸಾರೋಟು ಮಾಡುವವನದಾಗಿತ್ತು. ಅದರ ದೊಡ್ಡ ಕೋಣೆಯ ಗೋಡೆಗೆ ಗುಲಾಬಿ ಬಳ್ಳಿಯ ಕಾಗದ ಅಂಟಿಸಿದ್ದರು. 1815ರ ಜೂನ್ 15ರ ರಾತ್ರಿ ಷಾರ್ಲಟ್ ಅಲ್ಲಿ ಕುಣಿತದ ಕೂಟ ಏರ್ಪಡಿಸಿದಳು. ಮುಖ್ಯ ಅತಿಥಿ ವೆಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿ, ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ ಅದೇ ಆರ್ಥರ್ ವೆಲೆಸ್ಲಿ. ಡಬ್ಲಿನ್‌ನಲ್ಲಿ ರಿಚ್‌ಮಂಡನ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿದ್ದವನು, ಮನೆಯವನಂತೆ ಬಳಕೆ. ಷಾರ್ಲಟ್‌ಳ ಒಬ್ಬ ಮಗ ಅವನ ಆಪ್ತ ಅಧಿಕಾರಿ.

ಅತಿಥಿಗಳ ಮುಂದೆ ಗಾರ್ಡನ್ ಹೈಲ್ಯಾಂಡರ್ಸ್‌ನ ಸಾರ್ಜೆಂಟರು ತಮ್ಮ ಸೀಮೆಯ ಕುಣಿತ ಕುಣಿದರು. ಅಜ್ಜಿ ಕಟ್ಟಿದ ಪಡೆ, ಮಗಳ ಮನೆಯಲ್ಲಿ ಕುಣಿಯಿತು, ಮೊಮ್ಮಕ್ಕಳು ನೋಡಿದರು. ಕೂಟದ ನಡುವೆಯೇ ನೆಪೋಲಿಯನ್ ಗಡಿ ದಾಟಿ ಹತ್ತಿರ ಬಂದ ಸುದ್ದಿ ಬಂತು. ವೆಲಿಂಗ್ಟನ್ ಮೆಲ್ಲನೆ ರಿಚ್‌ಮಂಡನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಒಳ್ಳೆಯ ನಕ್ಷೆ ಇದೆಯೇ ಎಂದು ಕೇಳಿದ. ನಕ್ಷೆಯ ಮೇಲೆ ವಾಟರ್‌ಲೂ ಇರುವ ಕಡೆ ಉಗುರೂರಿದ ಎಂದು ರಿಚ್‌ಮಂಡ್ ಆಮೇಲೆ ಹೇಳಿದ್ದುಂಟು. ಅಧಿಕಾರಿಗಳು ಒಬ್ಬೊಬ್ಬರಾಗಿ ಹೊರಟರು. ಉಡುಪು ಬದಲಿಸಲು ಹೊತ್ತಿಲ್ಲದೆ ಕೆಲವರು ರೇಷ್ಮೆ ಕಾಲುಚೀಲದಲ್ಲೇ ರಣರಂಗ ಸೇರಿದರು. ಅಂದು ಅತಿಥಿಯಾಗಿದ್ದ ಬ್ರನ್ಸ್‌ವಿಕ್ ಡ್ಯೂಕ್ ಮರುದಿನವೇ ಕಾತ್ರ್‌ಬ್ರಾ ಕದನದಲ್ಲಿ ಬಿದ್ದ. 92ನೇ ರೆಜಿಮೆಂಟಿನ ಕರ್ನಲ್ ಜಾನ್ ಕ್ಯಾಮರನ್ ಕೂಡ ಅಲ್ಲೇ ಮಡಿದ. ಎರಡು ದಿನಗಳ ನಂತರ, ಜೂನ್ 18ರಂದು, ವಾಟರ್‌ಲೂ. ಬೈರನ್ ಕವಿ ಮರುವರ್ಷವೇ ಈ ರಾತ್ರಿಯನ್ನು ಪದ್ಯಕ್ಕೆ ತಂದ, ಥ್ಯಾಕರೆ ತನ್ನ 'ವ್ಯಾನಿಟಿ ಫೇರ್' ಕಾದಂಬರಿಗೆ ತಂದ. ಸಾಲಗಾರ ಕುಟುಂಬದ ಬಾಡಿಗೆ ಮನೆಯ ಔತಣ ಇತಿಹಾಸವಾಯಿತು.

ರಿಚ್‌ಮಂಡ್‌ನ ಅಂತ್ಯ ಮಾತ್ರ ವಿಚಿತ್ರ. 1818ರಲ್ಲಿ ಕೆನಡಾದ ಗವರ್ನರ್ ಜನರಲ್ ಆಗಿ ಹೋದವನಿಗೆ ಮರುವರ್ಷ ಸಾಕಿದ ನರಿಯೊಂದು ಕಚ್ಚಿತು. ಹುಚ್ಚು ರೋಗ ತಗುಲಿ, ಕಾಡಿನ ಹಾದಿಯಲ್ಲಿ ನೀರು ಕಂಡರೆ ಬೆಚ್ಚುತ್ತ, 1819ರ ಆಗಸ್ಟ್ 28ರಂದು ತೀರಿಕೊಂಡ. ಷಾರ್ಲಟ್ ಮತ್ತೆ ಇಪ್ಪತ್ತಮೂರು ವರ್ಷ ಬದುಕಿದಳು.

ಆ ರೆಜಿಮೆಂಟಿನ ಬಗ್ಗೆ ಒಂದು ಮಾತು ಬಾಕಿ ಇದೆ. 1881ರಲ್ಲಿ ಸೈನ್ಯದ ಮರುವಿಂಗಡಣೆಯಾದಾಗ 75ನೇ ರೆಜಿಮೆಂಟನ್ನು 92ರ ಜೊತೆ ಸೇರಿಸಿದರು. 75ನೆಯದು ಶ್ರೀರಂಗಪಟ್ಟಣದ ಯುದ್ಧಗಳಲ್ಲಿ ಕಾದಿದ ಪಡೆ. ಹೀಗಾಗಿ ಗಾರ್ಡನ್ ಹೈಲ್ಯಾಂಡರ್ಸ್‌ನ ಧ್ವಜಕ್ಕೆ 'ಮೈಸೂರು', 'ಸೆರಿಂಗಪಟಂ' ಎಂಬ ಹೆಸರುಗಳು ಸೇರಿದವು, ಸೈನಿಕರ ಕಾಲರಿನ ಮೇಲೆ ಹುಲಿ ಬಂತು. 1994ರಲ್ಲಿ ಈ ರೆಜಿಮೆಂಟು ಇನ್ನೊಂದರಲ್ಲಿ ವಿಲೀನವಾಯಿತು.

ಇನ್ನು ಗಾರ್ಡನ್ ಮನೆತನ. 'ನನ್ನ ಜಾರ್ಜ್' 1827ರಲ್ಲಿ ಐದನೆಯ ಡ್ಯೂಕ್ ಆದ. ಮದುವೆಯಾಗಿದ್ದರೂ ಮಕ್ಕಳಾಗಲಿಲ್ಲ. 1836ರಲ್ಲಿ ಅವನು ಸತ್ತಾಗ ಡ್ಯೂಕ್ ಪದವಿ ಅವನೊಡನೆ ಮಣ್ಣಾಯಿತು. ವಿಶಾಲವಾದ ಆಸ್ತಿ, ಗಾರ್ಡನ್ ಅರಮನೆ, ಹೋದದ್ದು ಷಾರ್ಲಟ್‌ಳ ಮಗನಿಗೆ. ಅವನು ತನ್ನ ಅಡ್ಡಹೆಸರನ್ನು ಗಾರ್ಡನ್-ಲೆನಾಕ್ಸ್ ಎಂದು ಬದಲಿಸಿಕೊಂಡ. 1876ರಲ್ಲಿ ವಿಕ್ಟೋರಿಯಾ ರಾಣಿ ಗಾರ್ಡನ್ ಡ್ಯೂಕ್ ಪದವಿಯನ್ನು ಹೊಸದಾಗಿ ಹುಟ್ಟಿಸಿ, ಷಾರ್ಲಟ್‌ಳ ಮೊಮ್ಮಗ ಆರನೆಯ ರಿಚ್‌ಮಂಡ್ ಡ್ಯೂಕನಿಗೆ ಕೊಟ್ಟಳು. ಅಂದಿನಿಂದ ಆ ಪದವಿ ನಡೆದು ಬಂದಿರುವುದು ಹಂದಿ ಸವಾರಿಯ ಜೇನ್‌ಳ ಹಿರಿಯ ಮಗಳ ವಂಶದಲ್ಲಿ.